ಹಬ್ಬದ ಅಲಂಕಾರದಲ್ಲಿ ಹಳೆಯ ರೈಡ್‌ಗಳು: ಯಾವುದಕ್ಕೆ ಸಾಲು ನಿಲ್ಲಬೇಕು, ಯಾವುದನ್ನು ಬಿಡಬಹುದು?

ಆಗಸ್ಟ್ ಮುಗಿಯುತ್ತ ಬಂತೆಂದರೆ ಪರಿಚಯದವರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ‘ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದಾರೆ. ಡಿಸ್ನಿಲ್ಯಾಂಡಿಗೆ ಅಕ್ಟೋಬರಿನಲ್ಲಿ ಕರೆದುಕೊಂಡು ಹೋಗಲೋ, ಕ್ರಿಸ್‌ಮಸ್ ಹೊತ್ತಿಗೋ?’ ‘ಅಲ್ಲಿನ ಭೂತಬಂಗಲೆ ಹಾಂಟೆಡ್ ಮ್ಯಾನ್ಷನ್ ಆಗ ಬೇರೆಯೇ ಆಗಿರುತ್ತದಂತೆ, ಹೌದೇ? ಒಳ್ಳೆಯದೋ, ಕೆಟ್ಟದ್ದೋ?’ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಬಂದವರನ್ನೆಲ್ಲ ಡಿಸ್ನಿಲ್ಯಾಂಡ್ ಇರುವ ಆನಾಹೈಮ್‌ಗೆ ಕರೆದೊಯ್ಯುವ ಕರ್ತವ್ಯ ತಾನಾಗಿಯೇ ಅಂಟಿಕೊಳ್ಳುತ್ತದೆ. ಮೈಸೂರಿನಲ್ಲಿ ಮನೆಯಿದ್ದವರಿಗೆ ಚಾಮುಂಡಿ ಬೆಟ್ಟ ಇದ್ದ ಹಾಗೆ. ಎಷ್ಟೋ ಬಾರಿ ಹೋಗಿ ಬಂದಿರುವ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ವರ್ಷದ ಕೆಲವು ತಿಂಗಳು ಹಳೆಯ, ಹೆಸರಾದ ರೈಡ್‌ಗಳಿಗೆ ಹ್ಯಾಲೋವೀನ್ ಎಂಬ ಅಕ್ಟೋಬರ್ ಕೊನೆಯ ಭೂತಗಳ ಹಬ್ಬದ ಇಲ್ಲವೇ ಕ್ರಿಸ್‌ಮಸ್‌ನ ವೇಷ ತೊಡಿಸುತ್ತಾರೆ. ಹಳಿ ಅದೇ, ದೋಣಿ ಅದೇ, ಕಟ್ಟಡ ಅದೇ. ಸಂಗೀತ, ಗೊಂಬೆಗಳು, ದೀಪ, ಕಥೆ ಬದಲಾಗುತ್ತವೆ. ಅಭಿಮಾನಿಗಳು ಇದನ್ನು ಓವರ್‌ಲೇ ಎನ್ನುತ್ತಾರೆ. ನಾನು ಅಲಂಕಾರ ಎನ್ನುತ್ತೇನೆ. ಶನಿವಾರ ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡಿದಾಗ ದೇವರು ಬದಲಾಗುವುದಿಲ್ಲ. ಆದರೆ ಮೊದಲ ಬಾರಿಗೆ ಬಂದ ಭಕ್ತನಿಗೆ ಕಾಣುವುದು ಬೆಣ್ಣೆ. ಉಡುಪಿಯಲ್ಲಿ ಬೆಳಗಿನ ಜಾವದ ನಿರ್ಮಾಲ್ಯ ಪೂಜೆಗೆ ಎದ್ದು ಹೋಗುವವರು ಇದ್ದಾರಲ್ಲ, ಅಲಂಕಾರವಿಲ್ಲದ ಕೃಷ್ಣನನ್ನು ನೋಡಬೇಕೆಂದು, ಅಂಥವರು ಥೀಮ್ ಪಾರ್ಕ್ ಅಭಿಮಾನಿಗಳಲ್ಲೂ ಇದ್ದಾರೆ. ಅಲಂಕಾರ ಮೆಚ್ಚುವವರೊಂದಿಗೆ ಅವರ ಜಗಳ ಸಣ್ಣದೇನಲ್ಲ.

ಈ ಪದ್ಧತಿ ಡಿಸ್ನಿಯಲ್ಲಿ ಶುರುವಾದದ್ದು 1984ರಲ್ಲಿ, ಹಾಡುವ ಯಂತ್ರದ ಕರಡಿಗಳಿಗೆ ಕ್ರಿಸ್‌ಮಸ್ ಕಾರ್ಯಕ್ರಮ ಕಲಿಸಿದಾಗ. 1997ರಲ್ಲಿ ಗೊಂಬೆಗಳ ನಡುವಿನ ದೋಣಿಯಾನ ಇಟ್ಸ್ ಎ ಸ್ಮಾಲ್ ವರ್ಲ್ಡ್, 2001ರಲ್ಲಿ ಹಾಂಟೆಡ್ ಮ್ಯಾನ್ಷನ್ ಸೇರಿದವು. ಆಮೇಲೆ ಸಾಲುಗಟ್ಟಿ ಬಂದವು.

ಅಳೆಯುವುದು ಹೇಗೆ?

ನನ್ನ ಮೊದಲ ಅಳತೆಗೋಲು, ಉಳಿದವುಗಳಿಗಿಂತ ಬಹಳ ಮುಖ್ಯವಾದದ್ದು: ಅಲಂಕಾರದ ಅಡಿಯಲ್ಲಿ ಮೂಲ ಎಷ್ಟು ಕಾಣಿಸುತ್ತದೆ? ಎರಡನೆಯದು, ನೀವು ಮತ್ತೆ ಬರುತ್ತೀರಾ? ಹತ್ತಿರದಲ್ಲೇ ಇದ್ದು ವಾರ್ಷಿಕ ಪಾಸ್ ಇಟ್ಟುಕೊಂಡವರಿಗೆ ಹೊಸತನವೇ ಹಬ್ಬ. ಇಪ್ಪತ್ತು ತಾಸು ವಿಮಾನದಲ್ಲಿ ಕೂತು ಜೀವನದಲ್ಲಿ ಒಮ್ಮೆ ಬಂದವರಿಗೆ ಅದೇ ನಷ್ಟವಾಗಬಹುದು. ಮೂರನೆಯದು ಜೊತೆಯಲ್ಲಿ ಬಂದವರು: ಮಂಡಿನೋವಿನ ಅಜ್ಜಿಯೋ, ಐದು ವರ್ಷದ ಮಗುವೋ, ಹದಿನಾರರ ಹುಡುಗನೋ. ಕೊನೆಯದು ದುಡ್ಡು ಮತ್ತು ಸಾಲು. ಈ ಅಲಂಕಾರಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲ. ಆದರೆ ಅವು ಇರುವ ದಿನಗಳೇ ದುಬಾರಿ ದಿನಗಳು. ಡಿಸ್ನಿಲ್ಯಾಂಡಿನಲ್ಲಿ ಒಂದು ದಿನದ ಟಿಕೆಟ್ ಅತಿ ಅಗ್ಗದ ದಿನಗಳಲ್ಲಿ 104 ಡಾಲರ್ ಇದ್ದರೆ ದಟ್ಟಣೆಯ ದಿನಗಳಲ್ಲಿ 200 ಡಾಲರ್ ದಾಟುತ್ತದೆ. ನಾಲ್ವರ ಕುಟುಂಬಕ್ಕೆ ಲೆಕ್ಕ ಹಾಕಿ ನೋಡಿ.

ಹಾಂಟೆಡ್ ಮ್ಯಾನ್ಷನ್ ಹಾಲಿಡೇ

ಜಗಳವೆಲ್ಲ ಇಲ್ಲೇ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

1969ರ ಆಗಸ್ಟ್ 9ರಂದು ತೆರೆದ ಈ ಭೂತಬಂಗಲೆ ಕರಕುಶಲತೆಯ ಪಾಠಶಾಲೆ. ಮೊದಲು ನಿಮ್ಮನ್ನು ಒಂದು ಕೋಣೆಯಲ್ಲಿ ನಿಲ್ಲಿಸುತ್ತಾರೆ, ಗೋಡೆಗಳು ಮೇಲಕ್ಕೆ ಹಿಗ್ಗುತ್ತ ಹೋದಂತೆ ಕಾಣುತ್ತದೆ. ನಿಜದಲ್ಲಿ ಅದು ಲಿಫ್ಟ್, ಪಾರ್ಕಿನ ಸುತ್ತ ಓಡುವ ರೈಲುಹಳಿಯ ಅಡಿಯಿಂದ ನಿಮ್ಮನ್ನು ಆಚೆಯ ಕಟ್ಟಡಕ್ಕೆ ದಾಟಿಸಲು ಕೆಳಗಿಳಿಯುತ್ತಿರುತ್ತದೆ. ಮುಂದೆ ಡೂಮ್ ಬಗ್ಗಿ ಎಂಬ ಕಪ್ಪು ಬುಟ್ಟಿಯಂಥ ಗಾಡಿ, 999 ಭೂತಗಳು, ದೊಡ್ಡ ಹಜಾರದಲ್ಲಿ ಪಾರದರ್ಶಕ ದೇಹಗಳ ಕುಣಿತ. ಆ ಕುಣಿತದ ಹಿಂದಿರುವುದು ಓರೆಯಾಗಿ ನಿಲ್ಲಿಸಿದ ಗಾಜು, ಬೆಳಕು ಮತ್ತು ಪ್ರತಿಬಿಂಬಗಳ ಆಟ. 1862ರಲ್ಲಿ ಲಂಡನ್ನಿನ ರಂಗದ ಮೇಲೆ ಜಾನ್ ಹೆನ್ರಿ ಪೆಪ್ಪರ್ ತೋರಿಸಿ ಜನರನ್ನು ಬೆಚ್ಚಿಬೀಳಿಸಿದ ತಂತ್ರ ಅದು. ಕಂಪ್ಯೂಟರಿನ ನೆರವಿಲ್ಲದೆ ಭೂತ ತೋರಿಸುವ ವಿದ್ಯೆ ಇನ್ನೂ ಕೆಲಸ ಮಾಡುತ್ತಿದೆ ಎಂಬುದೇ ಸಂತೋಷ.

2001ರಿಂದ ಸಾಮಾನ್ಯವಾಗಿ ಪ್ರತಿ ವರ್ಷ ಆಗಸ್ಟ್ ಕೊನೆಯಿಂದ ಜನವರಿ ಆರಂಭದವರೆಗೆ, ಹೆಚ್ಚುಕಡಿಮೆ ನಾಲ್ಕು ತಿಂಗಳಿಗೂ ಮೀರಿ, ಈ ಬಂಗಲೆಯನ್ನು ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಎಂಬ 1993ರ ಚಿತ್ರದ ಎಲುಬುಗೂಡಿನ ನಾಯಕ ಜ್ಯಾಕ್ ಆಕ್ರಮಿಸುತ್ತಾನೆ. ಹೊರಗೆ ಮೋಂಬತ್ತಿ ಮತ್ತು ಮುಖ ಕೊರೆದ ಕುಂಬಳಕಾಯಿ. ಒಳಗೆ ಹೊಸ ನಿರೂಪಣೆ, ಹೊಸ ಸಂಗೀತ. ಅಟ್ಟದಲ್ಲಿ ಕೂತಿದ್ದ ಮದುಮಗಳ ಜಾಗದಲ್ಲಿ ಉಡುಗೊರೆಗಳ ಪಟ್ಟಿಯನ್ನೇ ನುಂಗುತ್ತಿರುವ ಹೆಬ್ಬಾವಿನಂಥ ಹಾವು. ಸ್ಮಶಾನದ ಮೇಲೆ ಹಿಮ. ಕೊನೆಯಲ್ಲಿ ನಿಮ್ಮ ಗಾಡಿ ಹತ್ತಿ ಮನೆಗೆ ಬರುತ್ತೇವೆನ್ನುವ ಮೂರು ಭೂತಗಳ ಬದಲಿಗೆ ಊಗಿ ಬೂಗಿ ಎಂಬ ಗೋಣಿಚೀಲದ ರಾಕ್ಷಸ. ಹಜಾರದ ಮೇಜಿನ ಮೇಲೆ ನಿಜವಾದ ಜಿಂಜರ್‌ಬ್ರೆಡ್‌ನಿಂದ ಕಟ್ಟಿದ ಮನೆ ಇರುತ್ತದೆ. ಅದರ ವಿನ್ಯಾಸ ಪ್ರತಿ ವರ್ಷ ಹೊಸತು, ಅದನ್ನು ನೋಡಲೆಂದೇ ಬರುವವರಿದ್ದಾರೆ. ಶುಂಠಿಯ ಪರಿಮಳ ಗಾಡಿಯವರೆಗೂ ಬರುತ್ತದೆ.

ಮೆಚ್ಚುವವರ ವಾದ ಸರಳ: ಇದು ತೋರಿಕೆಗೆ ನಾಲ್ಕು ಹಾರ ಎಸೆದ ಕೆಲಸವಲ್ಲ. ಪ್ರತಿ ಕೋಣೆಯನ್ನೂ ಯೋಚಿಸಿ ಕಟ್ಟಿದ್ದಾರೆ. ಅವರ ಮಾತು ನಿಜ. ಬಣ್ಣ, ವಿವರ, ಚೇಷ್ಟೆಗಳಲ್ಲಿ ಇದನ್ನು ಮೀರಿಸಿದ ಅಲಂಕಾರವನ್ನು ನಾನು ನೋಡಿಲ್ಲ. ಒಪ್ಪದವರ ವಾದವೂ ಸರಳ: ವರ್ಷದ ಮೂರನೆಯ ಒಂದು ಭಾಗ ಮೂಲವೇ ಸಿಗದಿದ್ದರೆ ಅದನ್ನು ಹಬ್ಬ ಎನ್ನಲು ಬರುತ್ತದೆಯೇ? ಮೂಲದ ಗುಣ ಕತ್ತಲು, ಮೌನ, ಸಣ್ಣ ನಗು. ಅಲಂಕಾರದ ಗುಣ ಗದ್ದಲ ಮತ್ತು ಮಿಣುಕು. ಕುಣಿಯುವ ಭೂತಗಳು ಅಲ್ಲೇ ಇದ್ದರೂ ಕಣ್ಣು ಹೋಗುವುದು ಜಿಂಜರ್‌ಬ್ರೆಡ್ ಮನೆಯ ಕಡೆಗೆ.

ಒಂದು ವಿಷಯ ಗಮನಿಸಿ. ಫ್ಲಾರಿಡಾದ ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಂನಲ್ಲಿರುವ ಇದರ ಅವಳಿ ಬಂಗಲೆಗೆ ಈ ವೇಷ ಹಾಕುವುದೇ ಇಲ್ಲ. ಅಭಿಮಾನಿಗಳು ಹೇಳುವ ಕಾರಣ ನನಗೂ ಸರಿ ಅನ್ನಿಸುತ್ತದೆ: ಆನಾಹೈಮ್‌ಗೆ ಸುತ್ತಲಿನ ಊರುಗಳ ಜನ ಮತ್ತೆ ಮತ್ತೆ ಬರುತ್ತಾರೆ, ಅವರನ್ನು ಕರೆತರಲು ನೆಪ ಬೇಕು. ಫ್ಲಾರಿಡಾಕ್ಕೆ ದೂರದಿಂದ, ಅಪರೂಪಕ್ಕೆ ಬರುವವರೇ ಬಹಳ. ಅಂದರೆ ನಾನು ಮೇಲೆ ಕೇಳಿದ ಎರಡನೆಯ ಪ್ರಶ್ನೆಗೆ ಪಾರ್ಕುಗಳೇ ಉತ್ತರ ಕೊಟ್ಟಿವೆ.

ನನ್ನ ತೀರ್ಪು: ಮೊದಲ ಬಾರಿ ನೋಡುವವರಿಗೆ, ಮತ್ತೆ ಬರುವುದು ಅನುಮಾನವಿದ್ದರೆ, ಮೂಲ ರೂಪವೇ ಸರಿ. ಜ್ಯಾಕ್ ಯಾರೆಂದು ಗೊತ್ತಿಲ್ಲದವರಿಗಂತೂ ಅಲಂಕಾರದ ಅರ್ಧ ರಸ ದಕ್ಕುವುದಿಲ್ಲ. ಎರಡನೆಯ ಸಲ ಬರುವವರು, ಆ ಚಿತ್ರ ನೋಡಿ ಬೆಳೆದ ಮಕ್ಕಳು, ಇಲ್ಲಿಯೇ ಇರುವವರು ಖಂಡಿತ ನೋಡಬೇಕು. ಎತ್ತರದ ನಿರ್ಬಂಧವಿಲ್ಲ, ಏರುಪೇರಿಲ್ಲದ ಓಟ. ಆದರೆ ಕತ್ತಲಿಗೆ ಹೆದರುವ ಮಗು ಎರಡು ರೂಪದಲ್ಲೂ ಹೆದರುತ್ತದೆ. ಸಾಲಿನ ವಿಷಯದಲ್ಲಿ ಮೂಲಕ್ಕೇ ಲಾಭ: ಅಲಂಕಾರದ ತಿಂಗಳುಗಳಲ್ಲಿ, ಅದರಲ್ಲೂ ಅಕ್ಟೋಬರಿನ ಸಂಜೆಗಳಲ್ಲಿ, ಸಾಲು ಬಂಗಲೆಯ ಅಂಗಳ ದಾಟಿ ಹೊರಗೆ ಬೆಳೆಯುತ್ತದೆ. ಪಾರ್ಕಿನ ಬಾಗಿಲು ತೆರೆದ ಮೊದಲ ಒಂದು ತಾಸಿನಲ್ಲಿ ಹೋಗಿಬಿಡಿ.

ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿಯೂ 2004ರಿಂದ ಇದೇ ವೇಷ, ಸೆಪ್ಟೆಂಬರಿನಿಂದ ಹೊಸ ವರ್ಷದವರೆಗೆ. ನಿರೂಪಣೆ ಜಪಾನಿ ಭಾಷೆಯಲ್ಲಿದ್ದರೂ ನೋಡುವುದಕ್ಕೆ ಅಡ್ಡಿಯಿಲ್ಲ. ಬೆಂಗಳೂರಿನಿಂದ ಟೋಕಿಯೊದ ನರಿಟಾ ನಿಲ್ದಾಣಕ್ಕೆ ನೇರ ವಿಮಾನವಿರುವುದರಿಂದ ಊರಿನಿಂದಲೇ ಹೊರಡುವವರು ಇದನ್ನು ಯೋಚಿಸಬೇಕು. ಅಲ್ಲಿ ವಯಸ್ಕರ ಒಂದು ದಿನದ ಟಿಕೆಟ್ ದಿನಕ್ಕೆ ತಕ್ಕಂತೆ 7,900ರಿಂದ 10,900 ಯೆನ್. ಅತಿ ದುಬಾರಿ ದಿನದಲ್ಲೂ ಅದು ಆನಾಹೈಮ್‌ನ ದಟ್ಟಣೆಯ ದಿನದ ಬೆಲೆಯ ಅರ್ಧವೂ ಆಗುವುದಿಲ್ಲ.

ಇಟ್ಸ್ ಎ ಸ್ಮಾಲ್ ವರ್ಲ್ಡ್ ಹಾಲಿಡೇ

ಅತ್ತೆ ಹಾಸನದಿಂದ ಬಂದಿದ್ದಾಗ ಡಿಸೆಂಬರಿನ ಒಂದು ಸಂಜೆ ಅವರನ್ನು ಈ ದೋಣಿಯಲ್ಲಿ ಕೂರಿಸಿದೆ. ಹದಿನಾಲ್ಕು ನಿಮಿಷ ಮಾತಿಲ್ಲ. ಇಳಿದ ಮೇಲೆ ಹೇಳಿದರು: ‘ನಮ್ಮ ಮನೆಯಲ್ಲಿ ದಸರೆಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುವುದೇ ಹೆಚ್ಚು ಅಂದುಕೊಂಡಿದ್ದೆ ಕಣಮ್ಮ.’

ಇದು 1964–65ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು, ಯೂನಿಸೆಫ್‌ಗೆ ಗೌರವ ಸಲ್ಲಿಸಲು ಮಾಡಿದ್ದು. 1966ರಲ್ಲಿ ಡಿಸ್ನಿಲ್ಯಾಂಡಿಗೆ ಬಂತು. ಲೋಕದ ಹಲವು ದೇಶಗಳ ಮಕ್ಕಳ ಗೊಂಬೆಗಳು, ಮೇರಿ ಬ್ಲೇರ್ ಎಂಬ ಕಲಾವಿದೆಯ ಬಣ್ಣಗಳು, ಶರ್ಮನ್ ಸಹೋದರರ ಒಂದೇ ಹಾಡು. ಆ ಹಾಡು ಒಮ್ಮೆ ತಲೆಗೆ ಹೊಕ್ಕರೆ ಮೂರು ದಿನ ಬಿಡುವುದಿಲ್ಲ. ಅಭಿಮಾನಿಗಳೇ ಅದಕ್ಕೆ ಹೆದರುತ್ತಾರೆ.

ನವೆಂಬರ್ ಮಧ್ಯದಿಂದ ಜನವರಿ ಆರಂಭದವರೆಗೆ ಅದೇ ಗೊಂಬೆಗಳು ಆ ಹಾಡಿನೊಂದಿಗೆ ‘ಜಿಂಗಲ್ ಬೆಲ್ಸ್’ ಹೆಣೆದು ಹಾಡುತ್ತವೆ. ಸಮುದ್ರದ ಭಾಗದಲ್ಲಿ ಮತ್ಸ್ಯಕನ್ಯೆಯರು ಬೆಲ್ಸ್ ಬದಲು ಶೆಲ್ಸ್ ಎನ್ನುತ್ತಾರೆ. ಬಿಳಿ ಹೊರಗೋಡೆಯ ಗಡಿಯಾರ, ಗೋಪುರಗಳಿಗೆಲ್ಲ ದೀಪ. ದಸರೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುವ ಮೈಸೂರು ಅರಮನೆಯನ್ನು ನೋಡಿದ ಕಣ್ಣಿಗೆ ಇದು ಚಿಕ್ಕದೇ. ಆದರೂ ಬಣ್ಣ ಬದಲಿಸುವ ಆ ಗೋಡೆಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಬಹುದು, ಅದಕ್ಕೆ ಸಾಲೂ ಬೇಡ.

ಇಲ್ಲಿ ಅಭಿಮಾನಿಗಳಲ್ಲಿ ಜಗಳ ಕಡಿಮೆ. ಮೂಲವನ್ನು ಸಹಿಸದವರೂ ಇದನ್ನು ಮೆಚ್ಚುತ್ತಾರೆ. ಕಾರಣ ನನ್ನ ಮೊದಲ ಅಳತೆಗೋಲಿನಲ್ಲಿದೆ: ಏನನ್ನೂ ಮುಚ್ಚಿಲ್ಲ, ಸೇರಿಸಿದ್ದಾರೆ. ಗೊಂಬೆಗಳು ಅವೇ, ಹಾಡಿನ ಎಳೆಯೂ ಕೇಳಿಸುತ್ತದೆ. ಒಂದು ತಕರಾರು ಮಾತ್ರ ನನ್ನದು. ಎಲ್ಲ ದೇಶಗಳ ಮಕ್ಕಳೂ ಒಂದೇ ಎನ್ನುವ ರೈಡಿಗೆ ಒಂದೇ ಧರ್ಮದ ಹಬ್ಬದ ಹಾಡು ಯಾಕೆ ಪ್ರಧಾನವಾಗಬೇಕು ಎಂಬ ಪ್ರಶ್ನೆ ದೋಣಿಯಲ್ಲಿ ಕೂತಾಗಲೆಲ್ಲ ಏಳುತ್ತದೆ. ಮಗ್ಗುಲಲ್ಲಿ ಕೂತ ಮಗುವಿನ ಮುಖ ನೋಡಿದರೆ ಅಡಗುತ್ತದೆ.

ಮೊದಲ ಬಾರಿ ಬಂದವರಿಗೂ, ಹತ್ತನೆಯ ಬಾರಿ ಬಂದವರಿಗೂ, ತೊಡೆಯ ಮೇಲಿನ ಕೂಸಿಗೂ, ಅಜ್ಜಿಗೂ ಇದು ಸಲ್ಲುತ್ತದೆ. ಕತ್ತಲಾದ ಮೇಲೆ ಹೋಗಿ.

ಜಿಂಗಲ್ ಕ್ರೂಸ್

1955ರ ಜುಲೈ 17ರಂದು ಡಿಸ್ನಿಲ್ಯಾಂಡಿನ ಜೊತೆಗೇ ತೆರೆದ ಜಂಗಲ್ ಕ್ರೂಸ್‌ನ ಜೀವಾಳ ದೋಣಿ ನಡೆಸುವವರ ಮಾತು. ಯಂತ್ರದ ಆನೆ, ಹುಲಿಗಳ ನಡುವೆ ಅವರು ಒಂದರ ಮೇಲೊಂದು ಕೊಂಕು ಜೋಕು ಹಾರಿಸುತ್ತಾರೆ. 2013ರಲ್ಲಿ ಅದಕ್ಕೆ ಕ್ರಿಸ್‌ಮಸ್ ವೇಷ ಬಂತು: ಮನೆಯ ನೆನಪು ಕಾಡಿದ ನಾವಿಕರು ಊರಿನಿಂದ ತರಿಸಿಕೊಂಡ ಅಲಂಕಾರದಿಂದ ದೋಣಿಮನೆ ಸಿಂಗರಿಸಿಕೊಂಡಿದ್ದಾರೆ ಎಂಬ ಕಥೆ. ದೋಣಿಗಳ ಹೆಸರೂ ಬದಲು, ಜೋಕುಗಳೂ ಬದಲು. ಆನಾಹೈಮ್‌ನಲ್ಲಿ ಕೆಲವು ವರ್ಷ ನಡೆಸಿ ಕೈಬಿಟ್ಟರು. ಫ್ಲಾರಿಡಾದಲ್ಲಿ ಮುಂದುವರಿಯಿತು.

ಅಲಂಕಾರ ತೆಳು ಎನ್ನುವುದು ಹೆಚ್ಚಿನವರ ಅಭಿಪ್ರಾಯ, ನನ್ನದೂ ಹೌದು. ಕಾಡಿನ ದೃಶ್ಯಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ, ಅಲ್ಲಲ್ಲಿ ಹಾರ, ಪೆಟ್ಟಿಗೆ. ಆದ್ದರಿಂದ ಮೂಲ ತಪ್ಪಿಹೋಯಿತೆಂಬ ದುಃಖವೂ ಇಲ್ಲ. ಎಲ್ಲವೂ ನಾವಿಕರ ನಾಲಿಗೆಯ ಮೇಲೆ ನಿಂತಿದೆ. ಹೊಸ ಜೋಕುಗಳೆಲ್ಲ ಕ್ರಿಸ್‌ಮಸ್ ಪದಗಳ ಮೇಲಿನ ಶ್ಲೇಷೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಊರಿನ ಹಿರಿಯರಿಗೂ ಅರ್ಧಕ್ಕರ್ಧ ತಲೆಯ ಮೇಲಿನಿಂದ ಹೋಗುತ್ತದೆ. ತೆನಾಲಿ ರಾಮಕೃಷ್ಣನ ಪದಚಮತ್ಕಾರವನ್ನು ಅಮೆರಿಕದವರಿಗೆ ವಿವರಿಸಿದ ಹಾಗೆ. ಸಾಲು ಚಿಕ್ಕದಿದ್ದರೆ ಹತ್ತಿ. ಒಂದು ತಾಸು ಕಾಯಲು ಇದು ಯೋಗ್ಯವಲ್ಲ.

ಫ್ಲಾರಿಡಾಕ್ಕೆ ಹೋದವರು ಅಲ್ಲಿನ ಇನ್ನೊಂದು ಡಿಸ್ನಿ ಪಾರ್ಕು ಎಪ್ಕಾಟ್‌ನ ‘ಲಿವಿಂಗ್ ವಿತ್ ದಿ ಲ್ಯಾಂಡ್’ ಮರೆಯದಿರಿ. ಇದನ್ನು ಪಟ್ಟಿಯ ಕೊನೆಯಲ್ಲಿ ಹಾಕುವವರೇ ಬಹಳ, ನಾನು ಮೇಲಕ್ಕೆ ತರುತ್ತೇನೆ. ನಿಜವಾದ ಹಸಿರುಮನೆಗಳ ಒಳಗೆ ದೋಣಿ ಸಾಗುತ್ತದೆ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆದ ಟೊಮೆಟೊ, ಕುಂಬಳ, ಬದನೆ. ಕ್ರಿಸ್‌ಮಸ್ ಸಮಯದಲ್ಲಿ ಬಳ್ಳಿ, ಗಿಡಗಳ ನಡುವೆ ದೀಪ ಹಾಕುತ್ತಾರೆ, ಅಷ್ಟೆ. ಮೂಲದ ಒಂದು ಎಲೆಯೂ ಮರೆಯಾಗುವುದಿಲ್ಲ. ತುಮಕೂರಿನ ಕಡೆ ತೆಂಗಿನ ತೋಟ ಇಟ್ಟಿರುವ ನನ್ನ ಮಾವ ಒಂದೇ ಸಂಜೆ ಎರಡು ಸಲ ಹತ್ತಿದರು. ದೀಪ ನೋಡಲು ಅಲ್ಲ, ಬೇರುಗಳನ್ನು ನೋಡಲು. ಹೊರಗೆ ಕತ್ತಲಾದ ಮೇಲಷ್ಟೇ ದೀಪ ಚೆನ್ನಾಗಿ ಕಾಣುತ್ತದೆ ಎಂಬುದು ನೆನಪಿರಲಿ.

ವೇಗ ಬೇಕೆನ್ನುವವರಿಗೆ

ಡಿಸ್ನಿಲ್ಯಾಂಡಿನ ಎದುರಿಗಿರುವ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ, 2017ರಲ್ಲಿ ತೆರೆದ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ರೈಡ್ ಇದೆ. ಎತ್ತರದ ಕಟ್ಟಡದೊಳಗೆ ಲಿಫ್ಟನ್ನು ಮೇಲಕ್ಕೂ ಕೆಳಕ್ಕೂ ಎಸೆದಾಡುವ ಆಟ. ಅದೇ ಕಟ್ಟಡದಲ್ಲಿ ಮೊದಲಿದ್ದ ‘ಟವರ್ ಆಫ್ ಟೆರರ್’ ಹೋದದ್ದಕ್ಕೆ ಇಂದಿಗೂ ಕೊರಗುವವರಿದ್ದಾರೆ, ಹಾಗಾಗಿ ಇದನ್ನು ಹಳೆಯ ರೈಡ್ ಎನ್ನುವುದು ಸ್ವಲ್ಪ ಉದಾರತೆಯೇ. ಆದರೂ ಪಟ್ಟಿಯಲ್ಲಿ ಸೇರಿಸಲು ಕಾರಣವಿದೆ. ಹ್ಯಾಲೋವೀನ್ ತಿಂಗಳುಗಳಲ್ಲಿ ಇದು ಹಗಲು ಎಂದಿನಂತೆ ನಡೆದು, ಹೊತ್ತು ಇಳಿಯುತ್ತಲೇ ‘ಮಾನ್‌ಸ್ಟರ್ಸ್ ಆಫ್ಟರ್ ಡಾರ್ಕ್’ ಆಗಿ ಬದಲಾಗುತ್ತದೆ. ಬೇರೆ ಕಥೆ, ಬೇರೆ ಸಂಗೀತ, ಹೆಚ್ಚು ಕತ್ತಲೆ. ಹಗಲಿನ ಕುಣಿಸುವ ಹಳೆಯ ಹಾಡುಗಳು ಇಲ್ಲವೆಂದು ಕೆಲವರು ಮುಖ ಸಿಂಡರಿಸುತ್ತಾರೆ. ಸಂಜೆಯ ರೂಪವೇ ನಿಜವಾದದ್ದು ಎನ್ನುವ ಹುಡುಗರೂ ಇದ್ದಾರೆ. ನನಗೆ ಮುಖ್ಯವಾದದ್ದು ಈ ವ್ಯವಸ್ಥೆ: ಒಂದೇ ದಿನದ ಟಿಕೆಟಿನಲ್ಲಿ ಮೂಲವೂ ಅಲಂಕಾರವೂ ಸಿಗುತ್ತದೆ, ಯಾರಿಂದಲೂ ಏನನ್ನೂ ಕಿತ್ತುಕೊಂಡಂತಾಗುವುದಿಲ್ಲ. 102 ಸೆಂಟಿಮೀಟರ್ ಎತ್ತರ ಬೇಕು. ರಕ್ತದೊತ್ತಡ, ಬೆನ್ನುನೋವು ಇರುವ ಹಿರಿಯರು ದೂರವಿರಲಿ.

ಕತ್ತಲೊಳಗೆ ಓಡುವ ರೋಲರ್ ಕೋಸ್ಟರ್ ಸ್ಪೇಸ್ ಮೌಂಟನ್‌ಗೆ 2009ರಲ್ಲಿ ಆನಾಹೈಮ್‌ನಲ್ಲಿ ಹಾಕಿದ ‘ಘೋಸ್ಟ್ ಗ್ಯಾಲಕ್ಸಿ’ ವೇಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ರೈಡಿನ ಸೊಗಸೇ ಮುಂದಿನ ತಿರುವು ಕಾಣದ ಕತ್ತಲು. ಆ ಕತ್ತಲಿನ ಮೇಲೆ ದೆವ್ವದ ಚಿತ್ರ ಬೆಳಗಿಸಿದರೆ ಉಪ್ಪಿನಕಾಯಿಗೆ ಸಕ್ಕರೆ ಹಾಕಿದಂತೆ.

ಚಿಕ್ಕ ಮಕ್ಕಳಿದ್ದರೆ ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ ಕಾರ್ಸ್ ಲ್ಯಾಂಡಿನಲ್ಲಿ ‘ಕಾರ್ಸ್’ ಚಿತ್ರದ ಪಾತ್ರಗಳಾದ ಲೂಯಿಜಿ ಮತ್ತು ಮೇಟರ್‌ನ ರೈಡ್‌ಗಳಿಗೆ ಹ್ಯಾಲೋವೀನ್‌ಗೂ ಕ್ರಿಸ್‌ಮಸ್‌ಗೂ ಬೇರೆ ಬೇರೆ ಹಾಡು ಹಾಕುತ್ತಾರೆ. 81 ಸೆಂಟಿಮೀಟರ್ ಇದ್ದರೆ ಸಾಕು. ದೊಡ್ಡವರಿಗೆ ವಿಶೇಷವೇನಿಲ್ಲ, ಆದರೆ ಆ ಬೀದಿಯ ಟೈರುಗಳಿಂದ ಮಾಡಿದ ಹಬ್ಬದ ಅಲಂಕಾರ ನೋಡಲು ಚೆನ್ನ.

ಹಾಗಾದರೆ ಯಾವಾಗ ಹೋಗುವುದು?

ಜೀವನದಲ್ಲಿ ಒಮ್ಮೆ, ಯಾವುದೂ ಹಬ್ಬದ ವೇಷದಲ್ಲಿರಬಾರದು ಎನ್ನುವವರಿಗೆ ಫೆಬ್ರುವರಿಯಿಂದ ಮೇ ಮಧ್ಯದವರೆಗಿನ ವಾರದ ದಿನಗಳು. ಟಿಕೆಟ್ ಅಗ್ಗ ಸಿಗುವುದೂ ಸಾಮಾನ್ಯವಾಗಿ ಆಗಲೇ. ಒಂದೇ ಭೇಟಿಯಲ್ಲಿ ಎರಡರ ರುಚಿಯೂ ಬೇಕೆಂದರೆ ಸೆಪ್ಟೆಂಬರ್: ಮ್ಯಾನ್ಷನ್ ವೇಷದಲ್ಲಿರುತ್ತದೆ, ಸ್ಮಾಲ್ ವರ್ಲ್ಡ್ ಸಹಜವಾಗಿರುತ್ತದೆ, ಗಾರ್ಡಿಯನ್ಸ್ ಎರಡೂ ರೂಪದಲ್ಲಿ ಸಿಗುತ್ತದೆ, ಶಾಲೆಗಳು ಶುರುವಾಗಿರುವುದರಿಂದ ಜನವೂ ಹದ. ದೀಪಗಳನ್ನೇ ನೋಡಬೇಕೆಂದರೆ ಡಿಸೆಂಬರಿನ ಮೊದಲ ಎರಡು ವಾರ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಮಕ್ಕಳ ರಜೆಯೆಂಬ ಒಂದೇ ಕಾರಣಕ್ಕೆ ಆರಿಸಿಕೊಳ್ಳುವವರಿಗೆ ನನ್ನ ಅನುಕಂಪ ಇದೆ. ದುಡ್ಡು ಅತಿ ಹೆಚ್ಚು, ಸಿಗುವ ರೈಡ್ ಅತಿ ಕಡಿಮೆ.

ಫ್ಲಾರಿಡಾಕ್ಕೆ ನವೆಂಬರ್, ಡಿಸೆಂಬರಿನಲ್ಲಿ ಹೋಗುವವರು ಕ್ಯಾಲೆಂಡರ್ ನೋಡಿಕೊಳ್ಳಬೇಕು. ಮ್ಯಾಜಿಕ್ ಕಿಂಗ್‌ಡಂನಲ್ಲಿ ಕೆಲವು ರಾತ್ರಿ 150 ಡಾಲರಿಗೂ ಮೇಲ್ಪಟ್ಟ ಪ್ರತ್ಯೇಕ ಟಿಕೆಟಿನ ಕ್ರಿಸ್‌ಮಸ್ ಕೂಟ ಇರುತ್ತದೆ. ಆ ದಿನ ಮಾಮೂಲಿ ಟಿಕೆಟಿನವರು ಸಂಜೆ ಬೇಗ ಹೊರಡಬೇಕು. ಆದರೆ ಅದಕ್ಕೆ ಹೆದರಿ ಜನ ಕಡಿಮೆ ಬರುವುದರಿಂದ ಹಗಲು ಸಾಲುಗಳೂ ಚಿಕ್ಕವು. ಜಿಂಗಲ್ ಕ್ರೂಸ್‌ಗೆ ಆ ಕೂಟದ ಟಿಕೆಟ್ ಬೇಕಿಲ್ಲ, ಬರೀ ಅದಕ್ಕಾಗಿ ಕೊಳ್ಳಬೇಡಿ.

ಯಾರೂ ಮೊದಲೇ ಹೇಳದ ಸಂಗತಿ ಇನ್ನೊಂದಿದೆ. ವೇಷ ತೊಡಿಸಲೂ ಕಳಚಲೂ ರೈಡನ್ನು ಮುಚ್ಚಲೇಬೇಕು. ಮ್ಯಾನ್ಷನ್ ಆಗಸ್ಟಿನಲ್ಲಿ ಕೆಲವು ವಾರ, ಮತ್ತೆ ಜನವರಿಯಲ್ಲಿ ಕೆಲವು ದಿನ ಬಾಗಿಲು ಹಾಕುತ್ತದೆ. ಸ್ಮಾಲ್ ವರ್ಲ್ಡ್ ನವೆಂಬರಿಗೆ ಮೊದಲು ಮತ್ತು ಜನವರಿಯಲ್ಲಿ. ಆ ಸಂದಿಯಲ್ಲಿ ಬಂದವರಿಗೆ ಮೂಲವೂ ಇಲ್ಲ, ಅಲಂಕಾರವೂ ಇಲ್ಲ, ಬಣ್ಣ ಬಳಿದ ಹಲಗೆಯ ಬೇಲಿ ಮಾತ್ರ. ವಿಮಾನದ ಟಿಕೆಟ್ ಕೊಳ್ಳುವ ಮೊದಲು ಪಾರ್ಕಿನ ಅಧಿಕೃತ ಪುಟದಲ್ಲಿ ಮುಚ್ಚುವ ರೈಡ್‌ಗಳ ಪಟ್ಟಿ ನೋಡಿ.

ಅತ್ತೆಯವರು ಮುಂದಿನ ಬಾರಿ ಮಾರ್ಚಿನಲ್ಲಿ ಬರುತ್ತಾರೆ. ಹಾವು ಕೂತಿದ್ದ ಆ ಅಟ್ಟದಲ್ಲಿ ನಿಜಕ್ಕೂ ಇರುವವಳು ಒಬ್ಬ ಮದುಮಗಳು ಎಂದು ಹೇಳಿದಾಗ ಅವರು ನಂಬಿರಲಿಲ್ಲ. ಈ ಸಲ ತೋರಿಸಬೇಕು.